ಮಠ ಮರವಾಗದಂತೆ: ನೆರಳಚ್ಚು ಯಂತ್ರಕ್ಕೊಂದು ಪರೀಕ್ಷಾ ಪುಟ



ಇವತ್ತು ನಾನು ಮಾತನಾಡಬೇಕೆಂದಿರುವುದು ಒಂದು ಸಣ್ಣ ವಿಷಯದ ಬಗ್ಗೆ. ಜೆರಾಕ್ಸ್ ಯಂತ್ರ ಸರಿಯಾಗಿ ಪ್ರತಿ ತೆಗೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಯಾವ ಹಾಳೆಯನ್ನು ಇಟ್ಟು ನೋಡಬೇಕು ಎಂಬುದೇ ಆ ವಿಷಯ. ಇದೂ ಒಂದು ಮಾತನಾಡುವ ವಿಷಯವೇ ಎಂದು ತಮಗೆ ಅನ್ನಿಸಬಹುದು. ಒಂದು ಕಿರುಪರೀಕ್ಷೆಯ ದಿನದವರೆಗೆ ನನಗೂ ಹಾಗೆಯೇ ಅನ್ನಿಸುತ್ತಿತ್ತು.

ನಾನಾಗ ರಾಯದುರ್ಗದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಮೇಷ್ಟರಾಗಿದ್ದೆ. ಗಣಿತದ ಕಿರುಪರೀಕ್ಷೆಗೆ ಬೇರೆ ಊರಿನ ಮೇಷ್ಟರೊಬ್ಬರು ಕೊಟ್ಟ ಪ್ರಶ್ನೆಪತ್ರಿಕೆಯನ್ನು ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ಮಕ್ಕಳಿಗೆ ಹಂಚಿದೆ. ಅವರು ಕೊಟ್ಟದ್ದೇ ಜೆರಾಕ್ಸ್ ಪ್ರತಿ. ನಾನು ಮಾಡಿಸಿದ್ದು ಅದರ ಮೇಲಿನ ಪ್ರತಿ. ಉತ್ತರಗಳನ್ನು ತಿದ್ದಿ ಹಿಂದಿರುಗಿಸಿದ ಮೇಲೆ ಒಬ್ಬ ಹುಡುಗಿ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದಳು. “ಸಾರ್, ನಂದು ತಪ್ಪು ಅಂತ ಹಾಕಿದ್ದೀರಿ. ಇಲ್ಲಿ ಕೊಟ್ಟಿದ್ದನ್ನೇ ನಾನು ಮಾಡಿದ್ದೀನಿ, ನೋಡಿ ಸಾರ್” ಎಂದಳು. ಒಂದು ಆಯತದ ಉದ್ದ 12.5 ಮೀಟರ್, ಅಗಲ 8 ಮೀಟರ್, ವಿಸ್ತೀರ್ಣ ಎಷ್ಟು ಎಂಬುದು ಲೆಕ್ಕ. ಉತ್ತರ 100 ಚದರ ಮೀಟರ್. ಅವಳು 1000 ಎಂದು ಬರೆದಿದ್ದಳು. ಅವಳ ಕೈಯಲ್ಲಿದ್ದ ಹಾಳೆಯಲ್ಲಿ ಉದ್ದ 125 ಎಂದಿತ್ತು, ಚುಕ್ಕಿ ಇರಲಿಲ್ಲ! ಅದೇ ಹಾಳೆಯಲ್ಲಿ ಇನ್ನೊಂದು ಕಡೆ “ಧನ ಪೂರ್ಣಾಂಕ” ಎಂಬುದು “ದನ ಪೂರ್ಣಾಂಕ” ಆಗಿತ್ತು. ದನವನ್ನು ನೋಡಿ ಮಕ್ಕಳು ನಕ್ಕು ಸುಮ್ಮನಾಗಿದ್ದರು, ಅದರಿಂದ ಯಾರ ಅಂಕವೂ ಹೋಗಿರಲಿಲ್ಲ. ಕಾಣೆಯಾದ ಚುಕ್ಕಿ ಯಾರಿಗೂ ಕಾಣಿಸಲಿಲ್ಲ, ಅಂಕ ಹೋದದ್ದು ಅದರಿಂದಲೇ.

ಆ ಹುಡುಗಿಯ ಅಂಕವನ್ನು ನಾನು ಅಲ್ಲೇ ಸರಿಪಡಿಸಿದೆ. ಆದರೆ ಪ್ರತಿಯೊಂದು ಕಾಗದವೂ ಹಾಗೆ ಹಿಂದಿರುಗಿ ಬರುವುದಿಲ್ಲ. ಅರ್ಜಿಯೊಡನೆ ಲಗತ್ತಿಸಿದ ಜಾತಿ ಪತ್ರ, ಜಮೀನಿನ ನಕ್ಷೆ, ಅಂಕಪಟ್ಟಿ ಇವುಗಳಲ್ಲಿ ಒಂದು ಅಕ್ಷರ ಅಥವಾ ಒಂದು ಅಂಕೆ ಹೋದರೆ ಅದನ್ನು ಹಿಡಿದುಕೊಂಡು ಬಂದು ಕೇಳುವವರು ಯಾರು?

ನಮ್ಮ ಭಾಗಕ್ಕೆ ಈ ಮಾತು ಇನ್ನೂ ಹತ್ತಿರದ್ದು. 1953ರಲ್ಲಿ ಆಂಧ್ರ ರಾಜ್ಯ ಏರ್ಪಟ್ಟಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಬಂತು. ಮಡಕಶಿರಾ ಮೊದಲಿನಿಂದಲೂ ಅನಂತಪುರದಲ್ಲಿತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿಯ ಈಚೆ ಉಳಿದ ಕನ್ನಡ ಮಕ್ಕಳಿಗೆ ಆಂಧ್ರದ ಪಠ್ಯಕ್ರಮಕ್ಕೆ ಹೊಂದುವ ಕನ್ನಡ ಅಭ್ಯಾಸ ಪುಸ್ತಕಗಳು, ಮಾದರಿ ಪ್ರಶ್ನೆಪತ್ರಿಕೆಗಳು ಪುಸ್ತಕದ ಅಂಗಡಿಯಲ್ಲಿ ಸುಲಭವಾಗಿ ಸಿಗುವಂಥವಲ್ಲ. ಒಬ್ಬ ಮೇಷ್ಟರು ಕೈಯಾರೆ ಬರೆದದ್ದನ್ನು ಇನ್ನೊಬ್ಬರು ಜೆರಾಕ್ಸ್ ಮಾಡಿಸುತ್ತಾರೆ, ಅದರಿಂದ ಮತ್ತೊಬ್ಬರು ಮಾಡಿಸುತ್ತಾರೆ. ಈಚೆಗೆ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದ್ದನ್ನೂ ಅಚ್ಚು ಹಾಕಿಸುತ್ತಾರೆ. ಸಂಖ್ಯೆ ಕಡಿಮೆ ಇರುವವರ ಭಾಷೆಗೆ ಜೆರಾಕ್ಸ್ ಅಂಗಡಿಯೇ ಮುದ್ರಣಾಲಯ. ಮುದ್ರಣಾಲಯದಲ್ಲಿ ಕರಡು ತಿದ್ದುವವರೊಬ್ಬರು ಇರುತ್ತಾರೆ. ಜೆರಾಕ್ಸ್ ಅಂಗಡಿಯಲ್ಲಿ ಆ ಕೆಲಸ ನಾವೇ ಮಾಡಿಕೊಳ್ಳಬೇಕು.

ಮೊದಲು ಈ ಯಂತ್ರ ಹುಟ್ಟಿದ ಕತೆಯನ್ನು ಸ್ವಲ್ಪ ಕೇಳಿ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಎಂಬುವರು ಪೇಟೆಂಟ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ದಿನವೂ ಕಾಗದಗಳ ನಕಲು ಬೇಕು. ಕೈಯಲ್ಲಿ ಬರೆಯೋಣವೆಂದರೆ ಅವರಿಗೆ ಕೀಲುನೋವು, ಕಣ್ಣೂ ಮಂದ. ಈ ಕಷ್ಟದಿಂದಲೇ ಅವರು ಒಣ ವಿಧಾನದಲ್ಲಿ ನಕಲು ತೆಗೆಯುವ ದಾರಿ ಹುಡುಕಿದರು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾ ಎಂಬ ಬಡಾವಣೆಯ ಒಂದು ಕೋಣೆಯಲ್ಲಿ, ಆಟೊ ಕೋರ್ನೈ ಎಂಬ ಸಹಾಯಕರೊಡನೆ, ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿದರು. ಬರಹವಿದ್ದ ಗಾಜಿನ ಪಟ್ಟಿಯನ್ನು ಅದರ ಮೇಲಿಟ್ಟು ದೀಪದ ಬೆಳಕು ಬಿಟ್ಟರು. ಗಾಜನ್ನು ತೆಗೆದು ತಗಡಿನ ಮೇಲೆ ನುಣುಪಾದ ಪುಡಿ ಉದುರಿಸಿ ಊದಿದರು. ಅಕ್ಷರಗಳ ಜಾಗದಲ್ಲಿ ಮಾತ್ರ ಪುಡಿ ನಿಂತಿತು. ಅದನ್ನು ಮೇಣದ ಕಾಗದಕ್ಕೆ ಒತ್ತಿ ತೆಗೆದರು. ಆ ಗಾಜಿನ ಮೇಲೆ ಬರೆದಿದ್ದದ್ದು ಎರಡೇ ಸಂಗತಿ, ಅಂದಿನ ತಾರೀಖು ಮತ್ತು ಊರಿನ ಹೆಸರು. ಜೆರಾಕ್ಸ್ ಚರಿತ್ರೆಯ ಮೊದಲನೆಯ ಪರೀಕ್ಷಾ ಪುಟ ಅದು. 1959ರಲ್ಲಿ ಈ ವಿಧಾನದ 914 ಎಂಬ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ ಕಚೇರಿ ಕಚೇರಿಗಳಿಗೂ ಅದು ಹರಡಿತು. 9 ಅಂಗುಲ ಅಗಲ, 14 ಅಂಗುಲ ಉದ್ದದ ಕಾಗದದವರೆಗೆ ನಕಲು ತೆಗೆಯುತ್ತಿದ್ದುದರಿಂದ ಅದಕ್ಕೆ ಆ ಹೆಸರು.

ಇಂದಿನ ಯಂತ್ರದಲ್ಲೂ ಮೂಲತತ್ವ ಅದೇ. ಒಣಗಿದ ತಲೆಗೂದಲಲ್ಲಿ ಬಾಚಣಿಗೆ ಎಳೆದು ಕಾಗದದ ಚೂರಿನ ಹತ್ತಿರ ಹಿಡಿದರೆ ಚೂರು ಹಾರಿ ಅಂಟಿಕೊಳ್ಳುತ್ತದಲ್ಲವೆ? ಹಾಗೆಯೇ ಯಂತ್ರದೊಳಗಿನ ಡ್ರಮ್ ಎಂಬ ಉರುಳೆಯ ಮೈಮೇಲೆ ವಿದ್ಯುದಂಶವಿರುತ್ತದೆ. ಬೆಳಕಿನಿಂದ ಆ ಮೈಮೇಲೆ ಅಕ್ಷರದ ಆಕಾರ ಮೂಡುತ್ತದೆ. ಟೋನರ್ ಎಂಬ ಕಪ್ಪು ಪುಡಿ ಆ ಆಕಾರಕ್ಕೆ ಅಂಟಿ, ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. ಕೊನೆಗೆ ಫ್ಯೂಸರ್ ಎಂಬ ಬಿಸಿ ಉರುಳೆಗಳ ನಡುವೆ ಕಾಗದ ಹಾದು ಪುಡಿ ಕರಗಿ ಕಚ್ಚಿಕೊಳ್ಳುತ್ತದೆ. ಅಂಗಡಿಯಿಂದ ಬಂದ ಹಾಳೆ ಬೆಚ್ಚಗಿರುವುದು ಇದರಿಂದಲೇ.

ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಹಳೆಯ ಯಂತ್ರಗಳಲ್ಲಿ ಮೂಲ ಹಾಳೆಯಿಂದ ಪ್ರತಿಫಲಿಸಿದ ಬೆಳಕೇ ನೇರವಾಗಿ ಡ್ರಮ್ ಮೇಲೆ ಬೀಳುತ್ತಿತ್ತು. ಈಗಿನ ಡಿಜಿಟಲ್ ಯಂತ್ರ ಹಾಳೆಯನ್ನು ಮೊದಲು ಚುಕ್ಕಿಗಳಾಗಿ ಓದಿಕೊಳ್ಳುತ್ತದೆ, ಆಮೇಲೆ ಆ ಚುಕ್ಕಿಗಳನ್ನು ಲೇಸರ್ ಬೆಳಕಿನಿಂದ ಬರೆಯುತ್ತದೆ. ಅಂಗುಲಕ್ಕೆ 600 ಚುಕ್ಕಿ ಎಂದರೆ ಒಂದು ಚುಕ್ಕಿಯ ಅಳತೆ ಮಿಲಿಮೀಟರಿನ ಸುಮಾರು ಇಪ್ಪತ್ತನಾಲ್ಕನೇ ಒಂದು ಭಾಗದಷ್ಟು. ನಮ್ಮ ಸಣ್ಣ ಅಚ್ಚಿನ ಅಕ್ಷರದ ಒಂದು ತೆಳುಗೆರೆಗೆ ಇಂಥ ನಾಲ್ಕೈದು ಚುಕ್ಕಿಗಳಷ್ಟೇ ಸಿಗುತ್ತವೆ. ಇಷ್ಟು ಬಿಳುಪಾದರೆ ಕಾಗದ, ಇಷ್ಟು ಕಪ್ಪಾದರೆ ಅಕ್ಷರ ಎಂದು ಯಂತ್ರ ತೀರ್ಮಾನಿಸುವಾಗ ಆ ನಾಲ್ಕೈದು ಚುಕ್ಕಿ ಕಾಗದದ ಪಾಲಿಗೆ ಹೋಗಿಬಿಟ್ಟರೆ ಗೆರೆ ಮಾಯವಾಗುತ್ತದೆ.

ಹಾಗಾದರೆ ಪರೀಕ್ಷೆಗೆ ಎಂಥ ಪುಟ ಬೇಕು? ಜಗತ್ತಿನಲ್ಲಿ ಇದಕ್ಕಾಗಿಯೇ ಆರಿಸಿಟ್ಟ ಪುಟಗಳಿವೆ. ಜೆರಾಕ್ಸ್ ಯಂತ್ರದ ಸೋದರನೆನ್ನಬಹುದಾದ ಫ್ಯಾಕ್ಸ್ ಯಂತ್ರಕ್ಕಾಗಿ ಸಿ.ಸಿ.ಐ.ಟಿ.ಟಿ. ಎಂಬ ಅಂತರರಾಷ್ಟ್ರೀಯ ಸಮಿತಿಯವರು ಎಂಟು ಪುಟಗಳನ್ನು ಆರಿಸಿದ್ದರು. ಮೊದಲನೆಯದು ಬೆರಳಚ್ಚು ಮಾಡಿದ ಇಂಗ್ಲಿಷ್ ಪತ್ರ, ಅದರ ಮೇಲೆ 1972ರ ಜನವರಿ 18ರ ತಾರೀಖಿದೆ. ಉಳಿದವುಗಳಲ್ಲಿ ವಿದ್ಯುತ್ ಮಂಡಲದ ಚಿತ್ರ, ಬಿಲ್ಲಿನ ನಮೂನೆ, ಒತ್ತೊತ್ತಾದ ಫ್ರೆಂಚ್ ಬರಹ, ಸಮೀಕರಣಗಳಿರುವ ಲೇಖನ, ರೇಖಾನಕ್ಷೆ, ಒತ್ತೊತ್ತಾದ ಜಪಾನಿ ಬರಹ, ಕಪ್ಪು ಹಿನ್ನೆಲೆಯ ದಪ್ಪ ಬಿಳಿ ಅಕ್ಷರಗಳೊಡನೆ ಕೈಬರಹದ ಟಿಪ್ಪಣಿ ಇವೆ. ಅವರು ಚೆಂದದ ಪುಟಗಳನ್ನು ಆರಿಸಲಿಲ್ಲ. ಜನ ನಿಜವಾಗಿ ಕಳಿಸುವ ಕಾಗದಗಳನ್ನು ಆರಿಸಿದರು. ಒಂದು ಪುಟ ಒಂದು ಬಗೆಯ ಕಷ್ಟವನ್ನು ಕೊಟ್ಟರೆ ಇನ್ನೊಂದು ಇನ್ನೊಂದು ಬಗೆಯ ಕಷ್ಟವನ್ನು ಕೊಡುತ್ತದೆ. ಜಪಾನಿ ಪುಟವನ್ನು ಸೇರಿಸಿದ್ದು ಗಮನಿಸತಕ್ಕದ್ದು. ಆ ಲಿಪಿಯ ಕಷ್ಟವನ್ನು ಇಂಗ್ಲಿಷ್ ಪತ್ರ ತೋರಿಸಲಾರದು. ಆ ಎಂಟರಲ್ಲಿ ಕನ್ನಡದ ಪುಟವಿಲ್ಲ. ನಮ್ಮ ಲಿಪಿಯ ಕಷ್ಟವನ್ನು ತೋರಿಸುವ ಪುಟವನ್ನು ನಾವೇ ಮಾಡಿಕೊಳ್ಳಬೇಕಾಗಿದೆ.

ಇನ್ನೊಂದು ಬಗೆಯ ಪರೀಕ್ಷಾ ಪುಟದ ಹೆಸರನ್ನೂ ಕೇಳಿರುತ್ತೀರಿ. ಟೋನರ್ ಡಬ್ಬಿಯ ಮೇಲೆ ಇಷ್ಟು ಸಾವಿರ ಪುಟ ಬರುತ್ತದೆ ಎಂದು ಬರೆದಿರುತ್ತದೆ. ಕಪ್ಪುಬಿಳುಪು ಯಂತ್ರಗಳಲ್ಲಿ ಅದನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕ 2004ರಲ್ಲಿ ಬಂತು. ಅದಕ್ಕೂ ಒಂದು ಗೊತ್ತಾದ ಪುಟವಿದೆ. ಆದರೆ ಅದು ಪುಡಿ ಎಷ್ಟು ದಿನ ಬಾಳುತ್ತದೆ ಎಂದು ಹೇಳುವ ಪುಟ. ಅಕ್ಷರ ಉಳಿಯುತ್ತದೆಯೇ ಎಂಬ ನಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕು ಎನ್ನುತ್ತಾರೆ ನಮ್ಮ ಹೆಂಗಸರು. ಯಾವ ಅಗುಳು ಎಂಬುದು ಅವರಿಗೆ ಗೊತ್ತಿರುತ್ತದೆ. ಬೇಯಲು ತಡವಾಗುವ ಕಡೆಯಿಂದಲೇ ಅವರು ತೆಗೆದು ಹಿಸುಕಿ ನೋಡುತ್ತಾರೆ. ಪರೀಕ್ಷಾ ಪುಟದ ಗುಟ್ಟೂ ಇಷ್ಟೇ. ಮೊದಲು ಕೆಡುವ ಅಕ್ಷರ ಯಾವುದೋ ಅದನ್ನು ಪುಟದಲ್ಲಿ ಇಡಬೇಕು.

ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರಗಳೂ ಬರುವ ಒಂದೇ ವಾಕ್ಯ ಬರೆದು ಯಂತ್ರವನ್ನು ನೋಡುವ ರೂಢಿ ಇದೆ. ಕನ್ನಡದಲ್ಲಿ ಅದು ನಡೆಯದು. ವರ್ಣಮಾಲೆಯಲ್ಲಿ 49 ಅಕ್ಷರ. ಕಾಗುಣಿತ ಸೇರಿದರೆ ನೂರಾರು, ಒತ್ತಕ್ಷರಗಳೂ ಸೇರಿದರೆ ಇನ್ನೂ ಹೆಚ್ಚು. ಎಲ್ಲವನ್ನೂ ಒಂದು ಪುಟದಲ್ಲಿ ತುಂಬುವ ಹಟ ಬೇಡ. ಸಣ್ಣ ಗುರುತೊಂದು ಹೋದರೆ ಬೇರೊಂದು ಅಕ್ಷರವೇ ಆಗಿಬಿಡುವಂಥ ಅಕ್ಷರಗಳನ್ನು ಮಾತ್ರ ಆರಿಸೋಣ. ಹತ್ತಿರ ಕಾಗದ ಪೆನ್ಸಿಲು ಇದ್ದರೆ ದಯವಿಟ್ಟು ಬರೆದುಕೊಳ್ಳಿ.

ಮೊದಲನೆಯ ಜೋಡಿ, ಮಠ ಮತ್ತು ಮರ. ಠ ಎಂದರೆ ಹೊಟ್ಟೆಯೊಳಗೆ ಚುಕ್ಕಿ ಇರುವ ರ. ಯಂತ್ರ ತೆಳುವಾಗಿ ಮುದ್ರಿಸಿದರೆ ಚುಕ್ಕಿ ಹೋಗಿ ಮಠ ಮರವಾಗುತ್ತದೆ. ಗಾಢವಾಗಿ ಮುದ್ರಿಸಿದರೆ ಚುಕ್ಕಿಯೂ ಸುತ್ತಿನ ಗೆರೆಯೂ ಸೇರಿ ಕರಿಯ ಗುಂಡಾಗುತ್ತದೆ. ಒಂದೇ ಅಕ್ಷರ ಎರಡು ಕಡೆಯ ದೋಷವನ್ನೂ ಹೇಳುವುದರಿಂದ ಒಂದೇ ಅಕ್ಷರ ಆರಿಸಿ ಎಂದರೆ ನಾನು ಠ ಅನ್ನೇ ಆರಿಸುತ್ತೇನೆ.

ಎರಡನೆಯದು ಧನ ಮತ್ತು ದನ. ಧ ಅಕ್ಷರದ ಕೆಳಗಿನ ಸೀಳುಗೆರೆಯೇ ಇಲ್ಲಿನ ವ್ಯತ್ಯಾಸ. ಫಲ ಮತ್ತು ಪಲ, ಮೂಢ ಮತ್ತು ಮೂಡ ಇವೂ ಇದೇ ಜಾತಿಯವು. ಮೂರನೆಯದು ಬೆಳೆ ಮತ್ತು ಬೇಳೆ. ಬಲಗಡೆಯ ದೀರ್ಘದ ಗುರುತು ಅಕ್ಷರದಿಂದ ಸ್ವಲ್ಪ ದೂರವಿರುವುದರಿಂದ ಅದು ಹೋದದ್ದು ಕಣ್ಣಿಗೆ ಬೀಳುವುದಿಲ್ಲ. ನಾಲ್ಕನೆಯದು ಹಣ ಮತ್ತು ಹೆಣ. ಅಕ್ಷರದ ನೆತ್ತಿಯ ಮೇಲಿನ ತಲೆಕಟ್ಟಿಗೂ ಎತ್ವಕ್ಕೂ ಇರುವ ವ್ಯತ್ಯಾಸ ಇದರಲ್ಲಿ ತಿಳಿಯುತ್ತದೆ. ಐದನೆಯದು ಕತೆ ಮತ್ತು ಕತ್ತೆ. ಸಾಲಿನ ಕೆಳಗಿನ ಒತ್ತು ಉಳಿಯಿತೇ ಎಂದು ಇದು ಹೇಳುತ್ತದೆ. ಆರನೆಯದು ಕಂದ ಮತ್ತು ಕದ, ಸೊನ್ನೆಗಾಗಿ. ಏಳನೆಯದು ಕರ್ಣ ಮತ್ತು ಕಣ. ರೇಖಾಗಣಿತ ಕಲಿಸುವವರಿಗೆ ಅರ್ಕಾವೊತ್ತಿನ ಬೆಲೆ ಗೊತ್ತು.

ನಮ್ಮ ಊರುಗಳ ಹೆಸರುಗಳೂ ಒಳ್ಳೆಯ ಪರೀಕ್ಷಾ ಪದಗಳೇ. ರಾಯದುರ್ಗದಲ್ಲಿ ಅರ್ಕಾವೊತ್ತಿದೆ. ಗುಮ್ಮಗಟ್ಟದಲ್ಲಿ ಎರಡು ಒತ್ತುಗಳಿವೆ. ಹೇಮಾವತಿಯಲ್ಲಿ ಎರಡು ದೀರ್ಘಗಳಿವೆ. ಅರ್ಜಿಗಳಲ್ಲಿ ಹೇಗೂ ಈ ಹೆಸರುಗಳು ಬರುತ್ತಲೇ ಇರುತ್ತವೆ. ತೆಲುಗಿಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿಯೂ ಠಕಾರಕ್ಕೆ ಹೊಟ್ಟೆಯಲ್ಲಿ ಚುಕ್ಕಿಯಿದೆ, ಧಕಾರಕ್ಕೆ ಕೆಳಗೆ ಗೆರೆಯಿದೆ. ನಮ್ಮ ಕಡತಗಳಲ್ಲಿ ಎರಡು ಲಿಪಿಗಳೂ ಅಕ್ಕಪಕ್ಕ ಇರುವುದರಿಂದ ಪುಟದಲ್ಲಿ ಒಂದೆರಡು ಸಾಲು ತೆಲುಗನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು.

ಈ ಪದಗಳನ್ನು ವಾಕ್ಯದಲ್ಲಿ ಬರೆಯಬೇಡಿ. ಇದು ಮುಖ್ಯವಾದ ಮಾತು. “ಸ್ವಾಮಿಗಳು ಮಠದಲ್ಲಿದ್ದಾರೆ” ಎಂದು ಬರೆದರೆ ಚುಕ್ಕಿ ಹೋಗಿದ್ದರೂ ನಾವು ಮಠ ಎಂದೇ ಓದುತ್ತೇವೆ. ಕಣ್ಣು ಬಿಟ್ಟದ್ದನ್ನು ಮನಸ್ಸು ತುಂಬಿಕೊಳ್ಳುತ್ತದೆ. ನನ್ನ ವಿದ್ಯಾರ್ಥಿಗಳು ದನ ಪೂರ್ಣಾಂಕವನ್ನು ಧನವೆಂದೇ ತಿಳಿದು ಲೆಕ್ಕ ಮಾಡಿದ್ದು ಹೀಗೆ. ಅಂಕೆಗೆ ಈ ಅನುಕೂಲವಿಲ್ಲ. 12.5 ಎಂಬುದು 125 ಆದರೆ ಅದನ್ನು ಊಹಿಸಿ ತಿದ್ದುವ ದಾರಿಯೇ ಇಲ್ಲ. ಆದ್ದರಿಂದ ಪದಗಳನ್ನು ಬಿಡಿಬಿಡಿಯಾಗಿ, ಕ್ರಮ ತಪ್ಪಿಸಿ ಬರೆಯಬೇಕು: ಮರ, ಮಠ, ಮಠ, ಮರ, ಮಠ, ಮರ, ಮರ, ಹೀಗೆ. ಅಂಕೆಗಳಲ್ಲಿ ದಶಮಾಂಶದ ಚುಕ್ಕಿ, ಋಣ ಚಿಹ್ನೆ, ಭಿನ್ನರಾಶಿಯ ಗೆರೆ, ಕೋನದ ಡಿಗ್ರಿಯ ಗುರುತು ಇರಲಿ. 3, 8, 6, 9 ಇವು ಅಕ್ಕಪಕ್ಕ ಇರಲಿ. ಪ್ರತಿಯನ್ನು ಓದುವವರು ಪುಟ ಬರೆದವರಾಗಿರಬಾರದು. ಮೂಲವನ್ನು ನೋಡದ ಒಬ್ಬ ಹುಡುಗನಿಗೆ ಕೊಟ್ಟು ಗಟ್ಟಿಯಾಗಿ ಓದಿಸಿ, ತಾವು ಮೂಲವನ್ನು ಹಿಡಿದು ಕೇಳಿ. ಅವನು ತಪ್ಪಿದ ಕಡೆ ಯಂತ್ರ ತಪ್ಪಿದೆಯೇ ಎಂದು ನೋಡಿ.

ಇನ್ನು ಪುಟದ ರಚನೆ. ಎ4 ಅಳತೆಯ ದಪ್ಪನೆಯ ಬಿಳಿ ಹಾಳೆ ತೆಗೆದುಕೊಳ್ಳಿ. ಮೇಲೆ ಹೇಳಿದ ಪದಗಳನ್ನು ಕಂಪ್ಯೂಟರಿನಲ್ಲಿ ಹತ್ತು ಪಾಯಿಂಟಿನ ಅಕ್ಷರದಲ್ಲಿ ಅಚ್ಚು ಮಾಡಿಸಿ. ಪುಟದ ನಾಲ್ಕು ಮೂಲೆಗಳಲ್ಲಿ ಮತ್ತು ನಡುವೆ, ಐದು ಕಡೆಯೂ ಅದೇ ಪದಗಳಿರಲಿ. ಯಂತ್ರ ನಡುವೆ ಚೆನ್ನಾಗಿ ಮುದ್ರಿಸಿ ಅಂಚಿನಲ್ಲಿ ಮಸುಕಾಗುವುದುಂಟು. ಅನೇಕ ಯಂತ್ರಗಳು ಅಂಚಿನ ಸುಮಾರು ನಾಲ್ಕು ಮಿಲಿಮೀಟರ್ ಜಾಗದಲ್ಲಿ ಮುದ್ರಿಸುವುದೇ ಇಲ್ಲ. ಅಂಚಿಗೆ ಒತ್ತಿ ಬರೆದ ಹಾಳೆಯಲ್ಲಿ ಕೊನೆಯ ಸಾಲಿನ ಒತ್ತುಗಳು ಕತ್ತರಿಸಿ ಹೋಗುವುದು ಇದರಿಂದಲೇ. ಆದ್ದರಿಂದ ಕೆಳಗಿನ ಅಂಚಿನ ಹತ್ತಿರ ಕತ್ತೆ, ಗುಮ್ಮಗಟ್ಟ ಇಂಥ ಪದಗಳಿರಲಿ.

ಒಂದು ಸಾಲನ್ನು ಬಾಲ್‌ಪೆನ್ನಿನಿಂದ, ಒಂದು ಸಾಲನ್ನು ಪೆನ್ಸಿಲಿನಿಂದ ಕೈಯಲ್ಲೇ ಬರೆಯಿರಿ. ನೇರಳೆ ಮಸಿಯ ರಬ್ಬರ್ ಮೊಹರಿನ ಗುರುತು ಒಂದಿರಲಿ. ಅದು ಯಾವ ಕಚೇರಿಯ ಮೊಹರೂ ಆಗಿರಬಾರದು, ತಾರೀಖಿನ ಮೊಹರು ಸಾಕು. ತಿಳಿನೀಲಿ ಮಸಿಯ ಸಹಿ ಒಂದಿರಲಿ. ಹಳೆಯ ಯಂತ್ರಗಳಲ್ಲಿ ತಿಳಿನೀಲಿ ಬಿಳುಪಾಗಿ ಹೋಗುತ್ತಿತ್ತು, ಕೆಂಪು ಕಪ್ಪಾಗಿ ಬರುತ್ತಿತ್ತು. ಹೊಸ ಯಂತ್ರದಲ್ಲೂ ಬರಹದ ಕ್ರಮದಲ್ಲಿಟ್ಟರೆ ತಿಳಿಬಣ್ಣಗಳು ಹೋಗಬಹುದು. ಒಂದು ಭಾವಚಿತ್ರವನ್ನು ಉಬ್ಬು ಬಾರದಂತೆ ಅಂಟಿಸಿ. ಕೂದಲೂ ಮುಖವೂ ಕಪ್ಪು ಬಿಳುಪಿನ ಎರಡು ತೇಪೆಗಳಾಗದೆ ಕಣ್ಣು ಮೂಗು ಗುರುತು ಸಿಗಬೇಕು.

ಬೆಂಕಿಪೊಟ್ಟಣದಷ್ಟು ಜಾಗವನ್ನು ಪೂರ್ತಿ ಕಪ್ಪು ಮಾಡಿಸಿ. ಅಂಗೈಯಷ್ಟು ಜಾಗವನ್ನು ಪೂರ್ತಿ ಬಿಳಿ ಬಿಡಿ. ಕಪ್ಪು ಎಲ್ಲ ಕಡೆ ಸಮನಾಗಿದೆಯೇ, ಬಿಳಿ ಬಿಳಿಯಾಗಿಯೇ ಉಳಿಯಿತೇ ಎಂಬುದು ಅಲ್ಲಿ ತಿಳಿಯುತ್ತದೆ. ಕೊನೆಯದಾಗಿ ಅಡ್ಡಕ್ಕೂ ಉದ್ದಕ್ಕೂ ಸರಿಯಾಗಿ ಹತ್ತು ಸೆಂಟಿಮೀಟರಿನ ಒಂದೊಂದು ತೆಳುಗೆರೆ ಹಾಕಿ. ಜಮೀನಿನ ಅಳತೆಯ ನಕ್ಷೆ ಪ್ರತಿ ಮಾಡಿಸುವವರಿಗೆ ಈ ಗೆರೆ ಬಹಳ ಮುಖ್ಯ. ಪ್ರತಿಯ ಮೇಲೆ ಸ್ಕೇಲು ಇಟ್ಟು ಅಳೆದಾಗ ಎರಡೂ ಹತ್ತು ಸೆಂಟಿಮೀಟರ್ ಬರಬೇಕು. ಉದ್ದನೆಯ ಲೀಗಲ್ ಹಾಳೆಯನ್ನು ಎ4ಕ್ಕೆ ಇಳಿಸಬೇಕಾದರೆ ಶೇಕಡ 83ಕ್ಕೆ ಕುಗ್ಗಿಸಬೇಕಾಗುತ್ತದೆ. ಆಗ ಹತ್ತು ಸೆಂಟಿಮೀಟರ್ ಎಂಟು ಚಿಲ್ಲರೆಯಾಗುತ್ತದೆ, ಹತ್ತು ಪಾಯಿಂಟಿನ ಅಕ್ಷರವೂ ಎಂಟು ಚಿಲ್ಲರೆ ಪಾಯಿಂಟಿಗೆ ಇಳಿಯುತ್ತದೆ. ಕುಗ್ಗಿಸಿದ ಪ್ರತಿಯಲ್ಲಿ ಠಕಾರದ ಚುಕ್ಕಿ ಉಳಿಯಿತೇ ಎಂದು ಬೇರೆಯಾಗಿಯೇ ನೋಡಬೇಕು.

ಪುಟ ಸಿದ್ಧವಾಯಿತು. ಈಗ ಅದು ಹೇಳುವುದನ್ನು ಓದುವ ಬಗೆ. ಯಂತ್ರದೊಳಗೇ ಒಂದು ಪರೀಕ್ಷಾ ಪುಟ ಇರುತ್ತದೆ, ಗುಂಡಿ ಒತ್ತಿದರೆ ತಾನೇ ಮುದ್ರಿಸಿಕೊಡುತ್ತದೆ. ಅದು ಮುದ್ರಿಸುವ ಭಾಗದ ಸಮಾಚಾರವನ್ನಷ್ಟೇ ಹೇಳುತ್ತದೆ, ಹಾಳೆಯನ್ನು ಓದುವ ಗಾಜು ಕನ್ನಡಿಗಳ ಸುದ್ದಿ ಅದಕ್ಕೆ ತಿಳಿಯದು. ಆದ್ದರಿಂದ ಎರಡನ್ನೂ ತೆಗೆಸಿ ಹೋಲಿಸಬೇಕು. ಕಲೆ ಎರಡರಲ್ಲೂ ಇದ್ದರೆ ದೋಷ ಡ್ರಮ್, ಟೋನರ್, ಫ್ಯೂಸರ್ ಇವುಗಳ ಕಡೆ. ನಾವಿಟ್ಟ ಪುಟದ ಪ್ರತಿಯಲ್ಲಿ ಮಾತ್ರ ಇದ್ದರೆ ದೋಷ ಗಾಜಿನ ಕಡೆ. ನಮ್ಮ ಬಯಲುಸೀಮೆಯ ಧೂಳಿಗೆ ಗಾಜನ್ನು ದಿನವೂ ಒರೆಸಿದರೂ ಸಾಲದು. ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಯಂತ್ರದಲ್ಲಿ ಪಕ್ಕದಲ್ಲಿ ಕಿರಿದಾದ ಇನ್ನೊಂದು ಗಾಜಿನ ಪಟ್ಟಿ ಇರುತ್ತದೆ. ಅದರ ಮೇಲೆ ಒಂದು ಕಣ ಧೂಳಿದ್ದರೂ ಪುಟದ ಉದ್ದಕ್ಕೂ ಕರಿಗೆರೆ ಬರುತ್ತದೆ. ಅದೇ ಪುಟವನ್ನು ದೊಡ್ಡ ಗಾಜಿನ ಮೇಲಿಟ್ಟಾಗ ಗೆರೆ ಇಲ್ಲವೆಂದರೆ ದೋಷ ಆ ಪಟ್ಟಿಯಲ್ಲೇ ಎಂದು ತಿಳಿಯಬೇಕು.

ಒಂದೇ ಕಲೆ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬಂದರೆ ಸ್ಕೇಲು ಹಿಡಿದು ಅಂತರ ಅಳೆಯಿರಿ. ಉರುಳೆಯ ಮೈಮೇಲಿನ ಗಾಯ ಒಂದೊಂದು ಸುತ್ತಿಗೆ ಒಂದೊಂದು ಸಲ ಕಾಗದಕ್ಕೆ ತಗಲುತ್ತದೆ. 30 ಮಿಲಿಮೀಟರ್ ವ್ಯಾಸದ ಡ್ರಮ್ ಆದರೆ ಸುತ್ತಳತೆ 94 ಮಿಲಿಮೀಟರ್. ಎ4 ಹಾಳೆಯ 297 ಮಿಲಿಮೀಟರ್ ಉದ್ದದಲ್ಲಿ ಆ ಕಲೆ ಮೂರು ಸಲ ಕಾಣುತ್ತದೆ. ಬೇರೆ ಬೇರೆ ಉರುಳೆಗಳ ಸುತ್ತಳತೆ ಬೇರೆ ಬೇರೆ. ಅಂತರ ಹೇಳಿದರೆ ಯಾವ ಉರುಳೆ ಬದಲಾಯಿಸಬೇಕೆಂದು ಮೆಕ್ಯಾನಿಕ್‌ಗೆ ಗೊತ್ತಾಗುತ್ತದೆ. ನಿಮ್ಮ ಹಣವೂ ಉಳಿಯುತ್ತದೆ.

ಕಪ್ಪು ಚೌಕವನ್ನು ಬೆರಳಿನಿಂದ ಉಜ್ಜಿ ನೋಡಿ. ಪುಡಿ ಬೆರಳಿಗೆ ಬಂದರೆ ಫ್ಯೂಸರ್ ಸಾಕಷ್ಟು ಬಿಸಿಯಾಗುತ್ತಿಲ್ಲ ಅಥವಾ ಕಾಗದ ಅದಕ್ಕೆ ಹೊಂದುತ್ತಿಲ್ಲ. ಬಿಳಿಯ ಜಾಗ ಬೂದಿ ಬಣ್ಣಕ್ಕೆ ತಿರುಗಿದ್ದರೆ ಡ್ರಮ್ ಸವೆದಿರಬಹುದು ಅಥವಾ ಗಾಢತೆಯನ್ನು ಹೆಚ್ಚಿಸಿಟ್ಟಿರಬಹುದು. ಅಕ್ಷರ ಮಸುಕಾಗಿದೆ ಎಂದೊಡನೆ ಗಾಢತೆ ಹೆಚ್ಚಿಸುವುದು ಅಂಗಡಿಗಳಲ್ಲಿ ರೂಢಿ. ಪುಟ ಕಪ್ಪಗೆ ಕಂಡರೆ ಗಿರಾಕಿಗೂ ಸಮಾಧಾನ. ಆದರೆ ಆಗಲೇ ಠಕಾರದ ಹೊಟ್ಟೆ ತುಂಬಿಕೊಳ್ಳುವುದು. ಮೊದಲು ಒಂದು ಮೆಟ್ಟಿಲು ಏರಿಸಿ, ಮಠ ಮರಗಳ ಸಾಲನ್ನು ನೋಡಿ, ಆಮೇಲೆ ಇನ್ನೊಂದು ಮೆಟ್ಟಿಲು. ಎರಡೂ ಬದಿ ಅಚ್ಚಾದ ತೆಳು ಹಾಳೆಯಲ್ಲಿ ಹಿಂಬದಿಯ ಅಕ್ಷರ ಇಣುಕುತ್ತಿದ್ದರೆ ಹಾಳೆಯ ಹಿಂದೆ ಒಂದು ಕರಿಯ ಕಾಗದ ಇಟ್ಟು ತೆಗೆಸಿ, ಇಣುಕುವುದು ಕಡಿಮೆಯಾಗುತ್ತದೆ.

ಇನ್ನೊಂದು ಕಠಿಣ ಪರೀಕ್ಷೆ ಇದೆ. ಪುಟದ ಪ್ರತಿ ತೆಗೆಸಿ, ಆ ಪ್ರತಿಯಿಂದ ಇನ್ನೊಂದು, ಅದರಿಂದ ಮತ್ತೊಂದು ತೆಗೆಸಿ. ಮಗ, ಮೊಮ್ಮಗ, ಮರಿಮಗ ಎಂದಿಟ್ಟುಕೊಳ್ಳಿ. ಮಗನಲ್ಲಿ ಎಲ್ಲ ಯಂತ್ರಗಳೂ ಚೆನ್ನಾಗಿಯೇ ಕಾಣುತ್ತವೆ. ಮರಿಮಗನಲ್ಲಿ ಧನ ಧನವಾಗಿಯೇ ಉಳಿದರೆ ಆ ಯಂತ್ರವನ್ನು ನಂಬಬಹುದು. ನಮ್ಮ ಶಾಲೆಗಳಲ್ಲಿ ಮಕ್ಕಳ ಕೈಗೆ ಬರುವುದು ಬಹಳ ಸಲ ಮೊಮ್ಮಗನೋ ಮರಿಮಗನೋ ಆಗಿರುವುದರಿಂದ ಈ ಪರೀಕ್ಷೆ ನಮಗೆ ಹೆಚ್ಚು ಅವಶ್ಯಕ. ಸಾಧ್ಯವಾದಾಗಲೆಲ್ಲ ಮೂಲದಿಂದಲೇ ಪ್ರತಿ ತೆಗೆಸಬೇಕೆಂಬುದನ್ನಂತೂ ಬೇರೆ ಹೇಳಬೇಕಾಗಿಲ್ಲ.

ಪರೀಕ್ಷಾ ಪುಟವನ್ನು ಜೋಪಾನವಾಗಿಡಬೇಕು. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಟೋನರ್ ಅದಕ್ಕೆ ಅಂಟಿ ಅಕ್ಷರ ಕಿತ್ತುಬರಬಹುದು, ಕಾಗದದ ಲಕೋಟೆಯೇ ಒಳ್ಳೆಯದು. ಮಡಿಸಬೇಡಿ, ಬಿಸಿಲಿಗೆ ಇಡಬೇಡಿ. ಮೊದಲೇ ಒಂದೇ ಬಗೆಯ ಮೂರು ಪುಟ ಮಾಡಿಸಿ, ಒಂದನ್ನು ಅಂಗಡಿಗೆ ಒಯ್ಯದೆ ಮನೆಯಲ್ಲೇ ಇಡಿ. ಬಳಸುವ ಪುಟ ಸವೆದಿದೆಯೇ ಎಂದು ಅದರೊಡನೆ ಹೋಲಿಸಿ ತಿಳಿಯಬಹುದು.

ಆ ಕಿರುಪರೀಕ್ಷೆಯ ನಂತರ ನಾನು ನೂರು ಪ್ರತಿ ಮಾಡಿಸಲು ಹೋದಾಗಲೆಲ್ಲ “ಅಣ್ಣಾ, ಮೊದಲು ಇದೊಂದು ತೆಗೆದುಕೊಡಿ” ಎಂದು ಈ ಪುಟವನ್ನು ಕೊಡುತ್ತಿದ್ದೆ. ಮೊದಮೊದಲು ಅಂಗಡಿಯವರು “ಏನ್ ಮೇಷ್ಟ್ರೇ, ನಮ್ ಮಿಷನ್ ಮೇಲೆ ನಂಬಿಕೆ ಇಲ್ವಾ?” ಎಂದು ನಗುತ್ತಿದ್ದರು. ಕೆಲವು ತಿಂಗಳ ಮೇಲೆ ಅವರೇ ಅದರದೊಂದು ಪ್ರತಿ ಕೇಳಿದರು. ಪ್ರತಿ ಕೊಟ್ಟರೆ ಅದು ಮಗನಾಗುತ್ತದೆಂದು ನಾನು ಮನೆಯಲ್ಲಿಟ್ಟಿದ್ದ ಇನ್ನೊಂದು ಮೂಲವನ್ನೇ ತಂದುಕೊಟ್ಟೆ. ಬೆಳಿಗ್ಗೆ ಅಂಗಡಿ ತೆರೆದು ಗಾಜು ಒರೆಸಿದ ಮೇಲೆ ಅದನ್ನೊಮ್ಮೆ ತೆಗೆದು ನೋಡುತ್ತಿದ್ದರು.

ಶ್ರೋತೃ ಬಂಧುಗಳೇ, ಪ್ರತಿ ಸಲ ಪರೀಕ್ಷೆ ಮಾಡಿದಾಗ ಪ್ರತಿಯ ಹಿಂದೆ ಅಂದಿನ ತಾರೀಖನ್ನೂ ಊರಿನ ಹೆಸರನ್ನೂ ಬರೆದಿಡಿ. ಹಿಂದಿನ ತಿಂಗಳ ಪ್ರತಿಯೊಡನೆ ಈ ತಿಂಗಳದ್ದನ್ನು ಹೋಲಿಸಿದರೆ ಯಂತ್ರ ಯಾವಾಗಿನಿಂದ ಸೊರಗುತ್ತಿದೆ ಎಂದು ತಿಳಿಯುತ್ತದೆ. ಕಾರ್ಲ್‌ಸನ್ ಅವರು ಗಾಜಿನ ಮೇಲೆ ಬರೆದದ್ದೂ ಅದನ್ನೇ ಅಲ್ಲವೆ? ರಾಯದುರ್ಗ ಎಂದು ಬರೆಯುವಾಗ ಅರ್ಕಾವೊತ್ತನ್ನು ಮರೆಯದೆ ಹಾಕಿ, ಅದರ ಮುಂದಿನ ಪ್ರತಿಯಲ್ಲಿ ಅದು ಉಳಿದಿದೆಯೇ ನೋಡಿ.